ಕೊಪ್ಪಳದಲ್ಲಿ ಅರ್ಧಕ್ಕೆ ನಿಂತ ಸ್ಯಾಕ್ಸೋಫೋನು

ನನ್ನ ಗಂಡ ಪಂಪಾಪತಿ ಈಗ ಸಂಗೀತ ಕೇಳುವುದಿಲ್ಲ. ಕಿವಿಗೇನೂ ಆಗಿಲ್ಲ, ಅಡುಗೆಮನೆಯಲ್ಲಿ ನಾನು ಗೊಣಗಿದ್ದು ಪಡಸಾಲೆಯಲ್ಲಿ ಕೂತ ಇವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಸಿಟ್ಟು ಮಾಡಿಕೊಂಡು ಬಿಟ್ಟದ್ದೂ ಅಲ್ಲ. ಹೋದ ಚಳಿಗಾಲದ ಒಂದು ಸಂಜೆ ನಿಂತಿತು, ನಿಂತೇಬಿಟ್ಟಿತು. ಓಣಿಯವರು ನನ್ನನ್ನು ಕಂಡರೆ, "ಟೀಚರ್, ಈಗ ನಿಮ್ಮ ಮನಿ ಭಾಳ ಶಾಂತ ಆಗೈತಲ್ರಿ" ಎಂದು ನಗುತ್ತಾರೆ. ಶಾಂತಿಯಂತೆ, ಸುಡುಗಾಡು! ಮನುಷ್ಯ ಉಣ್ಣುತ್ತಾರೆ, ದುಡಿಯುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ, ಮಲಗುತ್ತಾರೆ. ಅದಕ್ಕಿಂತ ಹೆಚ್ಚೇನೂ ಇಲ್ಲ.

ನಾನು ಹಿಟ್ನಾಳದ ಸರ್ಕಾರಿ ಶಾಲೆಯ ಟೀಚರು, ಹೆಸರು ಭವಾನಿ. ಇವರದು ಗಂಜ್ ಸರ್ಕಲ್ ಹತ್ತಿರ ಮೋಟಾರು ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ಯಲಬುರ್ಗಾ, ಕುಷ್ಟಗಿ ಕಡೆಯ ರೈತರು ಟಂಟಂ ಗಾಡಿಯಲ್ಲಿ ಹೇರಿಕೊಂಡು ತರುತ್ತಾರೆ. ಇವರು ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಾರೆ. ಕೆಲಸ ಛಲೋ ಇದೆ, ಹೆಸರೂ ಇದೆ. ಇಂಥ ಅಂಗಡಿ ಇಟ್ಟುಕೊಂಡವರು ಭಜನೆಗೆ ಹೋಗುತ್ತಾರೆ, ಇಸ್ಪೀಟು ಆಡುತ್ತಾರೆ, ಹೆಚ್ಚೆಂದರೆ ರಾಜಕಾರಣಿಯ ಬೆನ್ನು ಹತ್ತುತ್ತಾರೆ. ಎಲ್ಲ ಬಿಟ್ಟ ಮಗ ಭಂಗಿ ನೆಟ್ಟ ಅನ್ನುವ ಹಾಗೆ ನಮ್ಮವರು ಹಿಡಿದದ್ದು ಫ್ರೀ ಜಾಝ್.

ಅದೇನೆಂದು ನನ್ನನ್ನು ಕೇಳಬೇಡಿ. ನನಗೆ ತಿಳಿದಷ್ಟು ಹೇಳುತ್ತೇನೆ. ಅದರಲ್ಲಿ ಹಾಡು ಇಲ್ಲ, ಪಲ್ಲವಿ ಇಲ್ಲ, ತಾಳ ಹಿಡಿಯಲು ಬರುವುದಿಲ್ಲ. ಮೊದಲೇ ಕಲಿತು ಬಂದದ್ದನ್ನು ನುಡಿಸುವುದಿಲ್ಲ. ಆ ಹೊತ್ತಿಗೆ ಕೈಗೆ, ಉಸಿರಿಗೆ ಏನು ಬರುತ್ತದೋ ಅದನ್ನೇ ಊದುತ್ತಾರೆ, ಬಡಿಯುತ್ತಾರೆ, ತೀಡುತ್ತಾರೆ. ಒಮ್ಮೆ ಆದದ್ದು ಇನ್ನೊಮ್ಮೆ ಆಗುವುದಿಲ್ಲ. "ಸಿನಿಮಾದಾಗ ಬರೂದೆಲ್ಲ ಹಾಡಿದ್ದ ಹಾಡೋ ಕಿಸಬಾಯಿ ದಾಸ" ಎಂದು ಇವರು ನನ್ನ ಇಷ್ಟದ ಹಾಡುಗಳನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದರು. ಅದರ ಮೇಲೆ ನಮ್ಮಲ್ಲಿ ಎಷ್ಟು ಸಲ ಜಗಳವಾಗಿದೆಯೋ.

ಇದು ಗಂಟುಬಿದ್ದದ್ದು ಮದುವೆಗೆ ಮುಂಚೆ. ಗಂಗಾವತಿ ಕಡೆ ಸಾಣಾಪುರದಲ್ಲಿ ವಿದೇಶದವರು ಇಳಿದುಕೊಳ್ಳುವ ಒಂದು ಗೆಸ್ಟ್ ಹೌಸಿನಲ್ಲಿ ಜನರೇಟರು ನೋಡಿಕೊಳ್ಳುವ ಕೆಲಸ ಇವರಿಗಿತ್ತು. ಊರಿಗೆ ಹೊರಟ ಜರ್ಮನ್ ಹೆಂಗಸೊಬ್ಬಳು ಚೀಲದ ಭಾರ ಕಡಿಮೆ ಮಾಡಿಕೊಳ್ಳಲು ಒಂದಿಷ್ಟು ಕ್ಯಾಸೆಟ್ಟು ಇವರ ಕೈಗಿಟ್ಟು ಹೋದಳು. ರೂಮಿಗೆ ತಂದು ಹಾಕಿದರು. ಟೇಪ್ ರೆಕಾರ್ಡರು ಕೆಟ್ಟಿದೆ ಅನ್ನಿಸಿತು. ರಿಪೇರಿಯವರಲ್ಲವೇ, ಬಿಚ್ಚಿದರು. ಹೆಡ್ಡು ಒರೆಸಿ ಹಾಕಿದರು, ಅದೇ ಅರಚಾಟ. ಮತ್ತೆ ಬಿಚ್ಚಿ ಬೆಲ್ಟು ಬದಲಿಸಿದರು, ಅದೇ ಅರಚಾಟ. ಸಾಕಾಗಿ ಬೇರೆ ಕ್ಯಾಸೆಟ್ಟು ಹಾಕಿದರೆ ದೇವರ ನಾಮ ನೆಟ್ಟಗೆ ಬಂತು. "ಮಷೀನ್ ಛಲೋ ಐತಿ, ಊದಾಂವ ಬೇಕಂತ ಹಂಗ ಊದ್ಯಾನ ಅಂತ ಗೊತ್ತಾತು ನೋಡು, ಅವತ್ತ ನಾ ಸಿಕ್ಕೊಂಡೆ" ಎಂದು ಹೊಸದಾಗಿ ಮದುವೆಯಾದಾಗ ನನಗೆ ಹೇಳಿದ್ದರು. ನನಗೆ ಅಳು ಬಂದಿತ್ತು. ತವರಿನಲ್ಲಿ ವರ ಏನು ಕೆಲಸ ಮಾಡುತ್ತಾನೆ, ಹೊಲ ಎಷ್ಟಿದೆ ಎಂದೆಲ್ಲ ವಿಚಾರಿಸಿದ್ದರು. ಏನು ಕೇಳುತ್ತಾನೆ ಎಂದು ಯಾರು ವಿಚಾರಿಸುತ್ತಾರೆ?

ಪಕ್ಕದ ಮನೆಯ ಫಾತಿಮಾಬೀ ಒಂದು ದಿನ ಕೈಯಲ್ಲಿ ವಿಕ್ಸ್ ಡಬ್ಬಿ ಹಿಡಿದು ಓಡಿಬಂದಳು. "ಭವಾನಿ, ಯಾರಿಗೆ ಆರಾಮಿಲ್ಲವಾ? ಮುಂಜಾನಿಂದ ಹಂಗ್ಯಾಕ ನರಳಾಕ ಹತ್ಯಾರ?" ಎಂದಳು. ನಾನು ಸ್ಪೀಕರಿನ ಕಡೆ ಕೈ ತೋರಿಸಿದೆ. ಇವರಿಗೆ ಖುಷಿಯೋ ಖುಷಿ. ಅವಳನ್ನು ಕುರ್ಚಿಯಲ್ಲಿ ಕೂಡಿಸಿ, ಚಹಾ ತರಿಸಿ, ಪೂರ್ತಿ ಕೇಳಿಸಿದರು. ಪಾಪ, ಅವಳು ಮರ್ಯಾದೆಗೆ ಕೂತು ಕೇಳಿ, "ಊದಾವ್ಗ ಏನ್ ತ್ರಾಸ ಐತೋ, ಅಲ್ಲಾನ ಬಲ್ಲ" ಎಂದು ಎದ್ದು ಹೋದಳು. ಅಂಗಡಿಗೆ ಬಂದ ಗಿರಾಕಿಗಳಿಗೂ ಇದೇ ಗತಿ. ಮೋಟಾರು ಆಗುವ ತನಕ ಎಲ್ಲಿಗೂ ಹೋಗುವ ಹಾಗಿಲ್ಲ, ಇವರು ಹೆಡ್‌ಫೋನಿನ ಒಂದು ತುದಿ ಅವರ ಕಿವಿಗೆ ಸಿಕ್ಕಿಸುತ್ತಿದ್ದರು. ಅವರು ಹೂಂ ಹೂಂ ಎಂದು ತಲೆಯಾಡಿಸಿ, ಮೋಟಾರು ಸಿಕ್ಕೊಡನೆ ಹೇರಿಕೊಂಡು ಹೋಗಿಬಿಡುತ್ತಿದ್ದರು. ಭಾನುವಾರ ನನ್ನನ್ನು ಬೈಕಿನಲ್ಲಿ ಕೂಡಿಸಿಕೊಂಡು ಇಟಗಿ ಗುಡಿಗೆ ಹೋಗುವುದಿತ್ತು. ಅಲ್ಲಿ ಕಟ್ಟೆಯ ಮೇಲೆ ಇವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ನಾನು ಶೇಂಗಾ ಸುಲಿಯುತ್ತಿದ್ದೆ. ಆಗ ಆ ಮುಖ ನೋಡಬೇಕಿತ್ತು. ಹುಬ್ಬು ಏರುವುದು, ಇಳಿಯುವುದು, ತಟ್ಟನೆ ನಗು, ಮತ್ತೆ ಯಾರೋ ಬೈದಂತೆ ಸಪ್ಪಗಾಗುವುದು. ಇಷ್ಟು ವರ್ಷದಲ್ಲಿ ಜೊತೆಗೆ ಕೇಳುವವರು ಒಬ್ಬರೂ ಸಿಗಲಿಲ್ಲ. ನಾನಂತೂ ಸಿಗಲಿಲ್ಲ, ನನಗದು ಹಿಡಿಸಲಿಲ್ಲ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಮೊಬೈಲು ಬಂದ ಮೇಲೆ ಹೆಂಕ್ ಸಿಕ್ಕರು. ಹಾಲೆಂಡಿನ ಮುದುಕ, ಸ್ಯಾಕ್ಸೋಫೋನು ಊದುತ್ತಾರೆ. ತಮ್ಮದೆಲ್ಲ ತಾವೇ ಇಂಟರ್‌ನೆಟ್ಟಿಗೆ ಹಾಕುತ್ತಿದ್ದರು, ಕೇಳುವವರು ಅಲ್ಲೂ ಬೆರಳೆಣಿಕೆಯವರೇ. ಇವರು ಕೆಳಗೆ ಎರಡು ಸಾಲು ಇಂಗ್ಲಿಷಿನಲ್ಲಿ ಬರೆದರು, ತಪ್ಪು ನಾನು ತಿದ್ದಿದೆ. ಮರುದಿನವೇ ಹೆಂಕ್ ಉತ್ತರ ಬರೆದರು. ಹಾಗೆ ಹತ್ತಿದ ನಂಟು ವರ್ಷಗಟ್ಟಲೆ ನಡೆಯಿತು. ಹೊಸದೇನಾದರೂ ಊದಿದರೆ ಮೊದಲು ಇವರಿಗೆ ಕಳಿಸುವರು. ಇವರು ಎಲ್ಲಿ ಚೆನ್ನಾಗಿತ್ತು, ಎಲ್ಲಿ ಸುಮ್ಮನೆ ತುಂಬಿಸಿದ್ದು ಎಂದು ಬಿಚ್ಚಿ ಬರೆಯುವರು. ಮುದುಕ ಅದಕ್ಕೆ ಸಿಟ್ಟಾಗುತ್ತಿರಲಿಲ್ಲ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಹೆಂಕ್ ಬರೆದರು. ಶ್ವಾಸಕೋಶ ಕೆಟ್ಟಿದೆ, ಡಾಕ್ಟರು ಊದುವುದನ್ನು ಬಿಡು ಎಂದಿದ್ದಾರೆ, ಈ ಚಳಿಗಾಲಕ್ಕೆ ಬಿಡುತ್ತೇನೆ. ಮಗಳ ಜೊತೆ ಹಂಪಿ ನೋಡಲು ಬರುವವನಿದ್ದೇನೆ. ವಾದ್ಯ ತರುತ್ತೇನೆ. ಕೊನೆಯದನ್ನು ನಿನ್ನ ಎದುರು ಊದುತ್ತೇನೆ.

ಇವರು ಅದನ್ನು ಓದಿ ಅಂಗಡಿಯ ಶಟರು ಅರ್ಧ ಎಳೆದು ಒಳಗೇ ಕೂತಿದ್ದರು. ಜೀವಮಾನದಲ್ಲಿ ಈ ಸಂಗೀತವನ್ನು ಎದುರು ಕೂತು ಕೇಳಿದವರಲ್ಲ. ಎಲ್ಲವೂ ಟೇಪು, ಮೊಬೈಲು. ಯಾವತ್ತೋ ಎಲ್ಲಿಯೋ ಆಗಿಹೋದದ್ದು. "ಭವಾನಿ, ನನ್ನ ಎದುರಿಗೆ ಆಗ್ತತಿ. ಆವಾಗ ಹುಟ್ಟಿ ಆವಾಗ ಹೋಗ್ತತಿ. ಒಂದ ಸಲ" ಎಂದರು. ನನಗೆ ಆ ಅರಚಾಟ ಬೇಡವಾಗಿದ್ದರೂ ಇವರ ಸಲುವಾಗಿ ಖುಷಿಯಾಯಿತು.

ಅಂಗಡಿಯಲ್ಲೇ ಮಾಡುವುದೆಂದು ನಿರ್ಧಾರವಾಯಿತು. ಮೋಟಾರುಗಳನ್ನು ಗೋಡೆಗೆ ಸರಿಸಿ, ಜಮಖಾನ ಹಾಸಿ, ಹೆಂಕ್‌ಗೆ ಒಂದು ಕುರ್ಚಿ. ಕೇಳಲು ಇವರು, ಬೇಕಾದರೆ ನಾನು. ಅಷ್ಟೇ ಆಗಿದ್ದರೆ ಸಾಕಿತ್ತು. ಆದರೆ ಉಮಾಪತಿಗೆ ಸುದ್ದಿ ಹೋಯಿತು.

ಉಮಾಪತಿ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಬಜಾರಿನಲ್ಲಿ ಬಟ್ಟೆ ಅಂಗಡಿ, ಗೆಳೆಯರ ಬಳಗದ ಕಾರ್ಯದರ್ಶಿ. ಊರಿನಲ್ಲಿ ಯಾರಿಗೆ ಬಹುಮಾನ ಬರಲಿ, ಯಾರು ನಿವೃತ್ತರಾಗಲಿ, ಸನ್ಮಾನ ಇವನದೇ. ಮೈಕು ಸಿಕ್ಕರೆ ಬಿಡುವ ಜೀವವಲ್ಲ. ಮನೆಗೆ ಬಂದು ನಿಂತ. "ಪಂಪಣ್ಣ, ಸಾತ್ ಸಮುದ್ರ ದಾಟಿ ಕಲಾವಿದರು ಬರಾಕ ಹತ್ಯಾರ, ಅವರನ್ನ ಸುಟ್ಟ ಮೋಟಾರ್ ನಡಬರಕ ಕುಂದ್ರಸ್ತಿಯೇನು? ಊರ ಮರ್ಯಾದಿ ಏನಾಗಬೇಕು?"

"ಭಾಳ ಮಂದಿ ಬ್ಯಾಡೋ ಉಮಾಪತಿ. ಅದು ಎಲ್ಲಾರಿಗೂ ಹಿಡಸೂದಲ್ಲ" ಎಂದರು ಇವರು.

"ಹಿಡಿಸ್ಲಿ ಬಿಡ್ಲಿ, ಬಂದಾವ್ರಿಗೆ ಒಂದ್ ಶಾಲು ಹೊದಿಸದ ಕಳಸಾಕ ಬರ್ತತೇನು? ಎಲ್ಲಾ ನಂದು. ನೀ ಸುಮ್ಮನ ಬಂದ ಕುಂದ್ರು, ಆತಿಲ್ಲೋ?"

ನಮ್ಮವರಿಗೆ ಇಲ್ಲ ಅನ್ನಲು ಬರುವುದಿಲ್ಲ. ಬಂದವರಿಗೆ ಶಾಲು ಹೊದಿಸುವುದು ಬೇಡ ಎಂದು ಯಾವ ಬಾಯಿಂದ ಹೇಳುವುದು? ಕಲ್ಯಾಣ ಮಂಟಪ ಗೊತ್ತಾಯಿತು, ಫ್ಲೆಕ್ಸು ಏರಿತು. ಫ್ಲೆಕ್ಸಿನಲ್ಲಿ ಹೆಂಕ್ ಒಂದು ಕಡೆ, ಇವರು ಒಂದು ಕಡೆ, ನಡುವೆ ಎಲ್ಲಕ್ಕಿಂತ ದೊಡ್ಡದಾಗಿ ಬಳಗದ ಅಧ್ಯಕ್ಷರು.

ಆ ಸಂಜೆ ಹೆಂಕ್ ಮಗಳ ಜೊತೆ ಬಂದರು. ಉದ್ದ, ಕೃಶ, ಮೆಟ್ಟಿಲು ಹತ್ತುವಾಗ ನಿಂತು ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಇವರನ್ನು ಕಂಡು ಅಪ್ಪಿಕೊಂಡರು. ಅಷ್ಟರಲ್ಲಿ ಉಮಾಪತಿ ಇಬ್ಬರನ್ನೂ ವೇದಿಕೆಗೆ ಹತ್ತಿಸಿಬಿಟ್ಟ.

ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ದೀಪ ಹಚ್ಚಿದರು, ಗಾಳಿಗೆ ಆರಿತು, ಮತ್ತೆ ಹಚ್ಚಿದರು. ಪ್ರಾಸ್ತಾವಿಕ ನುಡಿ, ಅಧ್ಯಕ್ಷರ ನುಡಿ, ಮುಖ್ಯ ಅತಿಥಿಗಳ ನುಡಿ. ಮುಖ್ಯ ಅತಿಥಿಗಳು ಸಂಗೀತದಿಂದ ಶುರು ಮಾಡಿ ಯುವಜನರ ಮೊಬೈಲ್ ಚಟಕ್ಕೆ ಬಂದು, ಅಲ್ಲಿಂದ ಹೊರಡಲಿಲ್ಲ. ಆಮೇಲೆ ಸನ್ಮಾನ. ಹೆಂಕ್‌ಗೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. "ವಿದೇಶಿ ಕಲಾವಿದರನ್ನ ನಮ್ಮೂರಿಗೆ ತಂದ ಹೆಮ್ಮೆಯ ಪುತ್ರ" ಎಂದು ಇವರಿಗೂ ಶಾಲು, ಹಾರ, ಪೇಟ, ಬುಟ್ಟಿ. ಇವರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ವೇದಿಕೆಯ ಮೇಲೇ ಕೂತರು. ಹಿಂದೆ ಊಟದ ಹಾಲಿನಲ್ಲಿ ಮಿರ್ಚಿ ಕರಿಯುವ ವಾಸನೆ ಬರತೊಡಗಿತ್ತು. ಹೆಂಕ್ ಮಗಳು ಆಗಾಗ ಅಪ್ಪನ ಮುಖ ನೋಡುತ್ತಿದ್ದಳು. ಮುದುಕ ಪೇಟ ಹಾಕಿಕೊಂಡು ನಗುತ್ತಲೇ ಕೂತಿದ್ದರು, ಆದರೆ ದಣಿದಿದ್ದರು.

ಕೊನೆಗೆ ಅವರ ಸರದಿ ಬಂತು. ಪೇಟ ತೆಗೆದಿಟ್ಟು, ಮೈಕು ಬೇಡವೆಂದು ಸರಿಸಿ, ಮುಂದೆ ಬಂದು ನಿಂತು ಊದಿದರು. ಮೊದಲು ಬರೀ ಗಾಳಿ. ನನ್ನ ಹಿಂದೆ ಕೂತವರು, "ಶ್ರುತಿ ಮಾಡ್ಕೊಳ್ಳಾಕ ಹತ್ಯಾರ, ತಡೀರಿ" ಎಂದರು. ಗಾಳಿಯಿಂದ ಒಂದು ಎಳೆ ಬಂತು, ಅದು ಹರಿಯಿತು, ಕಿರುಚಿತು. ಹುಡುಗಿಯರು ಕಿಸಕ್ಕೆಂದರು. ಯಾರೋ ಸುಮ್ಮನಿರಿಸಿದರು. ಕೋಣನ ಮುಂದೆ ಕಿನ್ನರಿ ಎಂದು ಆಮೇಲೆ ಕೆಲವರು ಜನರನ್ನು ಹಂಗಿಸಿದರು, ಅದು ಸುಳ್ಳು. ಜನ ಬಾಯಿ ಮುಚ್ಚಿ ಕೂತಿದ್ದರು, ತಿಳಿಯದಿದ್ದರೂ ಕೂತಿದ್ದರು. ಮುದುಕನ ಕುತ್ತಿಗೆಯ ನರ ಉಬ್ಬುತ್ತಿತ್ತು. ಒಂದೊಂದು ಸಲ ಉಸಿರು ಸಾಲದೆ ಸ್ವರ ನಡುವೆಯೇ ಮುರಿಯುತ್ತಿತ್ತು. ಅವರು ಆ ಮುರುಕನ್ನೇ ಹಿಡಿದು ಮತ್ತೆ ಮುಂದೆ ಹೋಗುತ್ತಿದ್ದರು. ನನಗೆ ಚೆಂದ ಅನ್ನಿಸಲಿಲ್ಲ. ಆದರೆ ಕಣ್ಣು ಕೀಳಲಾಗಲಿಲ್ಲ.

ಹಾಗೆ ಊದುತ್ತಾ ಊದುತ್ತಾ ಒಂದು ಕಡೆ ನಿಲ್ಲಿಸಿದರು. ವಾದ್ಯ ತುಟಿಯಿಂದ ತೆಗೆಯಲಿಲ್ಲ. ಕಣ್ಣು ಮುಚ್ಚಿತ್ತು. ಬೆರಳುಗಳು ಗುಂಡಿಗಳ ಮೇಲೆ ಎತ್ತಿದ ಹಾಗೆಯೇ ಇದ್ದವು. ಭುಜ ನಿಧಾನವಾಗಿ ಏರುತ್ತಿತ್ತು, ಒಳಗೆ ಎಲ್ಲಿಂದಲೋ ಉಸಿರು ಕೂಡಿಸುತ್ತಿದ್ದರು. ಮಂಟಪವೆಲ್ಲ ಸ್ತಬ್ಧ. ಫ್ಯಾನಿನ ಸದ್ದೊಂದು ಕೇಳುತ್ತಿತ್ತು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಈಗ ಬರುತ್ತದೆ, ಇಷ್ಟು ಹೊತ್ತು ಊದಿದ್ದೆಲ್ಲ ಇದಕ್ಕೇ, ಈಗ ಬರುತ್ತದೆ ಎಂದು ಕಾಯುತ್ತಿದ್ದೆ. ಇವರ ಕಡೆ ನೋಡಿದೆ. ಇವರು ಬುಟ್ಟಿಯ ಮೇಲೆ ಬಾಗಿ ಬಾಯಿ ತೆರೆದು ಕೂತಿದ್ದರು.

ಉಮಾಪತಿ ಚಪ್ಪಾಳೆ ತಟ್ಟಿದ.

ಅವನು ತಟ್ಟಿದ್ದೇ ತಡ ಮಂಟಪಕ್ಕೆ ಮಂಟಪವೇ ತಟ್ಟಿತು. ಜನ ಎದ್ದು ನಿಂತು ತಟ್ಟಿದರು, ಶಿಳ್ಳೆ ಹಾಕಿದರು. ಅವನು ಓಡಿಬಂದು ಮೈಕು ಹಿಡಿದು, "ಅದ್ಭುತವಾದ ಕಾರ್ಯಕ್ರಮ ನೀಡಿದ ಹೆಂಕ್ ಸಾಹೇಬರಿಗೆ ಇನ್ನೊಮ್ಮೆ ಜೋರಾದ ಚಪ್ಪಾಳೆ! ಈಗ ವಂದನಾರ್ಪಣೆ!" ಎಂದ. ಹೆಂಕ್ ಕಣ್ಣು ತೆರೆದರು. ಸುತ್ತ ನೋಡಿದರು. ವಾದ್ಯ ಇಳಿಸಿ, ಕೈ ಮುಗಿದರು. ವಂದನಾರ್ಪಣೆಯಲ್ಲಿ ಶಾಮಿಯಾನದವರಿಂದ ಹಿಡಿದು ಮಿರ್ಚಿ ಕರಿದವರ ತನಕ ಎಲ್ಲರ ಹೆಸರೂ ಬಂತು. ಅದು ಮುಗಿಯುವ ಮೊದಲೇ ಕುರ್ಚಿ ಎತ್ತಲು ಶುರುವಾಗಿತ್ತು.

ಹೊರಡುವಾಗ ಇವರು ಹೆಂಕ್‌ರನ್ನು ಕಾರಿನ ತನಕ ಕೈ ಹಿಡಿದು ಕರೆದೊಯ್ದರು. "ಮುಗಿದಿತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮುದುಕ ಇವರ ಕೆನ್ನೆ ತಟ್ಟಿ, "ಬಹಳ ಚೆನ್ನಾಗಿತ್ತು, ನಿಮ್ಮ ಜನ ಒಳ್ಳೆಯವರು" ಎಂದು ಕಾರು ಹತ್ತಿದರು. ಮನೆಗೆ ಬಂದು ಇವರು ಶಾಲು ಮಡಚಿ ಟ್ರಂಕಿನಲ್ಲಿಟ್ಟರು. "ಮಿರ್ಚಿ ಛಲೋ ಆಗಿದ್ವು" ಎಂದರು. ಮಲಗಿದರು.

ಮರುದಿನದಿಂದ ಇವರು ಹೀಗಾದರು. ಅಂಗಡಿಯಲ್ಲಿ ಸ್ಪೀಕರು ಇಲ್ಲ, ಮನೆಯಲ್ಲಿ ಮೊಬೈಲು ಬರೀ ಫೋನು. ಊರಿಗೆ ಹೋದ ಮೇಲೆ ಹೆಂಕ್ ವಾದ್ಯವನ್ನು ಒಂದು ಶಾಲೆಗೆ ಕೊಟ್ಟೆ ಎಂದು ಬರೆದರು. ಇವರು ಓದಿ, ನನಗೆ ತೋರಿಸಿ, ಫೋನು ಚಾರ್ಜಿಗೆ ಹಾಕಿದರು. ಒಮ್ಮೆ ನಾನೇ ಹಟ ಹಿಡಿದು ಹೆಡ್‌ಫೋನು ಕೊಟ್ಟೆ. ಹಾಕಿಕೊಂಡರು, ತುಸು ಹೊತ್ತು ಕೇಳಿದರು, ತೆಗೆದರು. "ಯಾಕ್ರಿ?" ಎಂದೆ. "ಸಪ್ಪಳ ಬರಾಕ ಹತ್ತೈತಿ. ಅಷ್ಟ" ಎಂದರು. ದುಃಖವೂ ಇರಲಿಲ್ಲ ಆ ಮಾತಿನಲ್ಲಿ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ನೋಡಿ ನೋಡಿ ನನಗೂ ಮರಗಟ್ಟಿದಂತಾಯಿತು. ಶಾಲೆ, ಬಸ್ಸು, ರೊಟ್ಟಿ, ನಿದ್ದೆ. ಆ ಸಂಜೆಯ ಮಾತು ನಾವಿಬ್ಬರೂ ಎತ್ತಲಿಲ್ಲ. ಇಷ್ಟು ವರ್ಷ ಕೇಳಿದ ಕಿವಿಗೆ ಗೊತ್ತಿರದ್ದನ್ನು ನಾನೇನು ಹೇಳುವುದಿತ್ತು?

ಮೊನ್ನೆ ಉಮಾಪತಿ ಬಂದ. ಇವರು ಉಣ್ಣುತ್ತಿದ್ದರು. "ಉಣ್ರಿ ಉಣ್ರಿ" ಎನ್ನುತ್ತಾ ಕುರ್ಚಿ ಎಳೆದುಕೊಂಡ. "ಪಂಪಣ್ಣ, ಬಳಗದ ವಾರ್ಷಿಕೋತ್ಸವ ಬಂತಪಾ. ಹೋದ ಸಲದ್ದು ಮಂದಿ ಇನ್ನೂ ನೆನಸ್ತಾರ. ಹೆಂಕ್ ಸಾಹೇಬ್ರನ್ನ ಇನ್ನೊಮ್ಮೆ ಕರಸೂಣು. ಅದ ಐಟಂ ಮತ್ತ ನುಡಸ್ಲಿ, ಈ ಸಲ ಸೌಂಡ್ ಸಿಸ್ಟಮ್ ಜೋರ್ ಹಾಕಸೂಣು."

ಇವರು ರೊಟ್ಟಿ ಮುರಿಯುತ್ತಲೇ ಇದ್ದರು. "ಅವರು ಬಿಟ್ಟಾರ" ಎಂದರು.

"ಬಿಟ್ರೇನಾತು, ಅದೊಂದ ಐಟಂ..."

ನನಗೆ ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ಸೌಟು ಕಟ್ಟೆಗೆ ಕುಕ್ಕಿದೆ. "ಯಾವ ಐಟಮ್ಮೋ ಉಮಾಪತಿ? ಎಲ್ಲಿ ನುಡಿಸ್ಯಾರ ಅವರು ಐಟಮ್ಮು? ನಿನ್ನ ಚಪ್ಪಾಳಿಗೆ ಬೆಂಕಿ ಬೀಳ್ಲಿ! ಆ ಮನಷ್ಯಾ ಇನ್ನೂ ಮುಗಿಸಿದ್ದಿಲ್ಲ!"

ಅವನು ಕಂಗಾಲಾದ. "ಮುಗಿಸಿದ್ದಿಲ್ಲಾ? ಅಲ್ರಿ ಅಕ್ಕಾರ, ಊದೂದು ಬಿಟ್ಟು ಸುಮ್ಮನ ನಿಂತಿದ್ರಲ್ರಿ?"

"ಸುಮ್ಮನ ನಿಂತಿದ್ದಿಲ್ಲ! ಉಸರು ಎಳಕೊಳ್ಳಾಕ ಹತ್ತಿದ್ರು. ಅವರ ಹೆಗಲು ಏರೂದ ನಾ ಕಣ್ಣಾರೆ ನೋಡೇನಿ. ಬರೂದಿತ್ತು. ಇನ್ನೇನ್ ಬರೂದಿತ್ತು. ನಾ ಕುರ್ಚಿ ತುದೀಗೆ ಬಂದು ಕಾಯಾಕ ಹತ್ತಿದ್ದೆ, ನೀ ಹೊಡದಿ ನೋಡು ಟಪಟಪ ಅಂತ!"

ಉಮಾಪತಿಯ ಮುಖ ಬಿಳಿಚಿಕೊಂಡಿತು. ಒಳ್ಳೆಯದು ಮಾಡಲು ಹೋದವನು, ಚಪ್ಪಲಿ ಮೆಟ್ಟಿಕೊಂಡು ಹೋದ.

ತಿರುಗಿ ನೋಡಿದರೆ ಇವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ದಿಟ್ಟಿಸುತ್ತಿದ್ದರು. ಎಷ್ಟೋ ತಿಂಗಳಾಗಿತ್ತು, ಇವರು ನನ್ನನ್ನು ಹಾಗೆ ನೋಡಿ.

"ನೀ ಕಾಯಾಕ ಹತ್ತಿದ್ದೇನು?" ಎಂದರು.

"ಹೂನ್ರಿ."

"ಬರೂದಿತ್ತು ಅಂತ ನಿನಗೂ ಅನಿಸ್ತೇನು? ಖರೇ ಹೇಳು."

"ಅನಸೂದೇನ್ ಬಂತ್ರಿ, ಬರೂದಿತ್ತು. ನಿಮಗ ಗೊತ್ತಿದ್ದಿಲ್ಲೇನು?"

ಇವರು ತುತ್ತನ್ನು ತಾಟಿನಲ್ಲಿಟ್ಟರು. "ಮುಗದ ಇತ್ತೇನೋ ಅಂತ ಮಾಡಿದ್ದೆ. ಎಲ್ಲಾರಿಗೂ ಮುಗೀತು ಅನಿಸ್ತು, ಅವರೂ ಚೆನ್ನಾಗಿತ್ತು ಅಂದ್ರು. ನಾ ಒಬ್ಬನ ಇಲ್ಲದ್ದಕ್ಕ ಕಾಯ್ದೆನೇನೋ, ಇಷ್ಟ ವರ್ಷ ಕೇಳಿದ್ದೆಲ್ಲ ಹಿಂಗ ನಾನ ಮನಸಿನ್ಯಾಗ ಮಾಡ್ಕೊಂಡಿದ್ದೇನೋ ಅಂತ..."

ನಾನು ಹೋಗಿ ಪಕ್ಕದಲ್ಲಿ ಕೂತೆ.

"ಹಂಗಾರ ಅದು ಇತ್ತು ಭವಾನಿ" ಎಂದರು. "ಇತ್ತು, ಹೋತು."

ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತರು. ಹೆಣ ಎತ್ತಿದ ಮನೆಯಲ್ಲಿ ಅಳುವ ಹಾಗೆ, ದನಿ ತೆಗೆದು ಅತ್ತರು. ಗೋಡೆಯಾಚೆಯಿಂದ ಫಾತಿಮಾಬೀ ಏನಾಯಿತು ಎಂದು ಕೂಗಿದಳು. ನಾನು ಅವಳಿಗೆ ಉತ್ತರ ಕೊಡಲಿಲ್ಲ, ಇವರನ್ನು ಸುಮ್ಮನಿರಿಸಲೂ ಇಲ್ಲ.